ಸೊಂಟ ಬಗ್ಗಿಸುವ ಬದಲು ಬೆಂಚು ಎತ್ತರಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬೆನ್ನುನೋವಿನ ಬಗ್ಗೆ ಆಗಾಗ ಲೇಖನ ಬರುತ್ತದೆ. ಮೊನ್ನೆಯೂ ಒಂದು ಬಂದಿತ್ತು. ಕುರ್ಚಿ ಹೇಗಿರಬೇಕು, ಕಂಪ್ಯೂಟರ್ ಪರದೆ ಎಷ್ಟು ಎತ್ತರದಲ್ಲಿರಬೇಕು, ಮೊಬೈಲ್ ಹೇಗೆ ಹಿಡಿಯಬೇಕು ಅಂತೆಲ್ಲ ಇತ್ತು. ತಪ್ಪೇನಿಲ್ಲ. ಆದರೆ ನಾನು ಕುರ್ಚಿಯ ಮೇಲೆ ಕೂತು ದುಡಿಯುವವನಲ್ಲ. ಹರಿಹರದಲ್ಲಿ ಒಂದು ಸಣ್ಣ ಶೆಡ್ಡಿನಲ್ಲಿ ಲೇತ್ ಕೆಲಸ ಮಾಡುತ್ತೇನೆ. ಲೇತ್ ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಹರಿತವಾದ ಟೂಲಿನಿಂದ ಕಡೆಯುವ ಮಷೀನು. ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು, ರಾಡು ಕತ್ತರಿಸಲು ಒಂದು ಪವರ್ ಹ್ಯಾಕ್ಸಾ. ನಾನೂ ಸೇರಿ ನಾಲ್ಕು ಜನ. ನಮ್ಮಂಥವರ ಸೊಂಟದ ಬಗ್ಗೆ ಯಾರೂ ಬರೆದದ್ದು ನಾನು ನೋಡಿಲ್ಲ. ಅದಕ್ಕೆ ನಾನೇ ಬರೆಯೋಣ ಅಂತ ಕೂತೆ. ಉದ್ದ ಆದರೆ ಕತ್ತರಿಸಿ, ಬೇಜಾರಿಲ್ಲ.

ಹರಿಹರ ಅಂದರೆ ಹೊರಗಿನವರಿಗೆ ಹರಿಹರೇಶ್ವರನ ಗುಡಿ, ತುಂಗಭದ್ರೆ ಹೊಳೆ. ನಮಗೆ ಲೇತು. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಇಲ್ಲಿ ತಯಾರಾದ ಲೇತುಗಳು ದೇಶದ ತುಂಬ ಹೋದವು. ಕಾರ್ಖಾನೆ ಮುಚ್ಚಿ ಎರಡು ದಶಕಕ್ಕೂ ಜಾಸ್ತಿ ಆಯಿತು, ಮಷೀನುಗಳು ಮಾತ್ರ ಇನ್ನೂ ತಿರುಗುತ್ತಿವೆ. ನನ್ನ ದೊಡ್ಡ ಲೇತೂ ಅಲ್ಲಿಯದೇ. ನನಗೀಗ 57 ವರ್ಷ. ಐಟಿಐನಲ್ಲಿ ಟರ್ನರ್, ಅಂದರೆ ಲೇತ್ ಕೆಲಸದ ಕೋರ್ಸು ಮುಗಿಸಿದಾಗಿನಿಂದ ನಿಂತೇ ದುಡಿದಿದ್ದೇನೆ. ನನ್ನ ಓರಗೆಯ ಕೆಲಸಗಾರರಲ್ಲಿ ಸೊಂಟ, ಮಂಡಿ, ಕುತ್ತಿಗೆ ಮೂರೂ ನೆಟ್ಟಗಿರುವವರು ಯಾರೂ ಇಲ್ಲ. ಕೇಳಿದರೆ ‘ಈ ಕೆಲಸ ಅಂದ್ಮೇಲೆ ಇದೆಲ್ಲ ಇರೋದೇ ಬಿಡ್ರಿ’ ಅನ್ನುತ್ತಾರೆ. ನನ್ನ ತಕರಾರು ಇರುವುದೇ ಆ ‘ಇರೋದೇ ಬಿಡ್ರಿ’ ಮೇಲೆ. ಅರ್ಧಕ್ಕರ್ಧ ನೋವು ಬರುವುದು ಡಬ್ಬ ಎಲ್ಲಿಟ್ಟಿದ್ದೀವಿ, ತುಂಡನ್ನು ಕಚ್ಚಿ ಹಿಡಿಯುವ ವೈಸ್ ಎಷ್ಟು ಎತ್ತರಕ್ಕೆ ಕೂರಿಸಿದ್ದೀವಿ, ಲೈಟು ಎಲ್ಲಿ ಹಾಕಿದ್ದೀವಿ ಅನ್ನುವುದರಿಂದ. ಅದನ್ನು ಸರಿ ಮಾಡಿಕೊಳ್ಳಬಹುದು, ಅದೂ ಕಡಿಮೆ ಖರ್ಚಿನಲ್ಲಿ.

ನನ್ನ ಮಗಳು ಫಿಸಿಯೋಥೆರಪಿ ಓದಿದ್ದಾಳೆ. ಓದುವ ಕಾಲದಲ್ಲಿ ರಜೆಗೆ ಬಂದವಳು ಒಂದು ದಿನ ಶೆಡ್ಡಿನ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಪಂಪಿನ ಬುಶ್ ಕೆಲಸ ನಡೆದಿತ್ತು. ಗನ್‌ಮೆಟಲ್ ಲೋಹದ ಸಣ್ಣ ಬುಶ್ಶು, ಅಂದರೆ ಶಾಫ್ಟು ಒಳಗೆ ತಿರುಗುವ ಬಳೆಯಂಥ ತುಂಡು. ಕಚ್ಚಾ ತುಂಡುಗಳ ಡಬ್ಬ ನೆಲದ ಮೇಲೆ, ಮುಗಿದದ್ದನ್ನು ಹಾಕುವ ಡಬ್ಬವೂ ನೆಲದ ಮೇಲೆ. ಹುಡುಗ ಬಗ್ಗಿ ಒಂದು ತುಂಡು ತೆಗೆದುಕೊಳ್ಳುತ್ತಿದ್ದ, ಅದನ್ನು ಹಿಡಿದು ತಿರುಗಿಸುವ ಚಕ್ಕಿಗೆ ಕಚ್ಚಿಸಿ ಕಡೆಯುತ್ತಿದ್ದ, ಬಿಚ್ಚಿ ಮತ್ತೆ ಬಗ್ಗಿ ಡಬ್ಬಕ್ಕೆ ಹಾಕುತ್ತಿದ್ದ. ಒಂದು ಬುಶ್ಶಿಗೆ ಎರಡು ಸಲ ಬಗ್ಗಾಟ. ಇನ್ನೂರು ಬುಶ್ಶಿನ ಆರ್ಡರ್ ಅಂದರೆ ನಾನೂರು ಸಲ. ‘ಅಪ್ಪಾ, ಜಿಮ್ಮಿನಲ್ಲೂ ಯಾರೂ ಇಷ್ಟು ಮಾಡ್ಸಲ್ಲ’ ಅಂದಳು. ಶೆಡ್ಡಿನ ಹಿಂದೆ ಬಿದ್ದಿದ್ದ ಎರಡು ಖಾಲಿ ಡ್ರಮ್ಮುಗಳನ್ನು ತಂದು ಬೋರಲು ಹಾಕಿ, ಮೇಲೆ ಡಬ್ಬ ಇಟ್ಟೆವು. ಒಂದು ಎಡಕ್ಕೆ, ಒಂದು ಬಲಕ್ಕೆ. ಅಷ್ಟೇ. ಖರ್ಚು ಏನೂ ಇಲ್ಲ. ಬಗ್ಗುವುದೇ ನಿಂತುಹೋಯಿತು. ಒಂದು ಬುಶ್ಶಿಗೆ ಹಿಡಿಯುತ್ತಿದ್ದ ಹೊತ್ತೂ ಸ್ವಲ್ಪ ಕಡಿಮೆ ಆಯಿತು ಅನ್ನುವುದನ್ನು ಮಾಲೀಕರಾದವರು ಗಮನಿಸಬೇಕು, ಅಲ್ವಾ?

ಬಗ್ಗಿದರೆ ಒಳಗೆ ಏನಾಗುತ್ತದೆ ಅನ್ನುವುದನ್ನು ಪಾನಾ ಹಿಡಿದು ಗೊತ್ತಿರುವವರಿಗೆ ಹೇಳುವುದು ಸುಲಭ. ಪಾನಾ ಉದ್ದ ಇದ್ದರೆ ಸ್ವಲ್ಪ ಬಲಕ್ಕೇ ನಟ್ಟು ಬಿಡುತ್ತದೆ. ಗಿಡ್ಡ ಇದ್ದರೆ ಮೈಯೆಲ್ಲ ಹಾಕಿ ಜಗ್ಗಬೇಕು. ನಮ್ಮ ಬೆನ್ನಿನ ಸ್ನಾಯುಗಳ ಪಾಲಿಗೆ ಬಂದಿರುವುದು ಗಿಡ್ಡ ಪಾನಾ. ಬೆನ್ನುಮೂಳೆಯಿಂದ ಅವು ಇರುವುದು ಸುಮಾರು 5 ಸೆಂ.ಮೀ. ದೂರದಲ್ಲಿ. 10 ಕೆಜಿ ಜಾಬನ್ನು, ಅಂದರೆ ಕೆಲಸದ ತುಂಡನ್ನು, ಬೆನ್ನುಮೂಳೆಯಿಂದ ಅರ್ಧ ಮೀಟರ್ ಮುಂದೆ ಹಿಡಿದಿದ್ದೀರಿ ಅಂದುಕೊಳ್ಳಿ. ದೂರ ಹತ್ತು ಪಟ್ಟು, ಹಾಗಾಗಿ ಅದನ್ನು ತಡೆಯಲು ಸ್ನಾಯು 100 ಕೆಜಿಯಷ್ಟು ಎಳೆಯಬೇಕು. ಆ ಎಳೆತ ಪೂರ್ತಿ ಬಂದು ಕೂರುವುದು ಡಿಸ್ಕಿನ ಮೇಲೆ, ಅಂದರೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯ ಮೇಲೆ. ಬಗ್ಗಿದ ಮೈಯ ಭಾರ ಬೇರೆ. ಸ್ವೀಡನ್ನಿನ ಆಲ್ಫ್ ನ್ಯಾಕೆಮ್ಸನ್ ಅನ್ನುವ ಮೂಳೆ ಡಾಕ್ಟರು 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿಗೇ ಸೂಜಿ ಇಳಿಸಿ ಒಳಗಿನ ಒತ್ತಡ ಅಳೆದಿದ್ದರಂತೆ. ಮಗಳ ಪುಸ್ತಕದಲ್ಲಿ ಅದರ ಚಿತ್ರ ಇದೆ. ನೆಟ್ಟಗೆ ನಿಂತಾಗ 100 ಅಂತ ಇಟ್ಟುಕೊಂಡರೆ ಮುಂದಕ್ಕೆ ಬಗ್ಗಿದಾಗ 150ರ ಆಸುಪಾಸು, ಕೈಯಲ್ಲಿ ಭಾರ ಹಿಡಿದು ಬಗ್ಗಿದರೆ 200 ದಾಟುತ್ತದೆ. ಭಾರ ಎತ್ತುವಾಗ ಹುಷಾರು ಅಂತ ಎಲ್ಲರೂ ಹೇಳುತ್ತಾರೆ. ಖಾಲಿ ಕೈಯಲ್ಲಿ ಬಗ್ಗಿ ನಿಂತರೂ ಒಂದೂವರೆ ಪಟ್ಟು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಟರ್ನರ್ ದಿನವಿಡೀ ಮಾಡುವುದು ಅದನ್ನೇ. ಎರಡೂ ಕೈ ಹ್ಯಾಂಡ್‌ವೀಲ್ ಮೇಲೆ, ಕಣ್ಣು ಟೂಲಿನ ತುದಿಯಲ್ಲಿ, ಬೆನ್ನು ಮುಂದಕ್ಕೆ.

ಈ ಕಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಲೇತ್ ಮುಂದೆ ಮನುಷ್ಯ ಬಗ್ಗುವುದು ಯಾಕೆ? ಮಷೀನು ಕೆಳಗಿದೆ ಅಂತ ಬಗ್ಗುವುದು ಕಡಿಮೆ. ಕಾಣುವುದಿಲ್ಲ ಅಂತ ಬಗ್ಗುವುದೇ ಜಾಸ್ತಿ. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಹತ್ತಿರದ್ದು ಮಬ್ಬಾಗುತ್ತದೆ. ಚಾಳೀಸು. ಅಳತೆ ನೋಡುವ ವರ್ನಿಯರಿನ ಗೆರೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತದೆ. ಆಗ ಕನ್ನಡಕದಂಗಡಿಗೆ ಹೋಗಿ ಓದುವ ಕನ್ನಡಕ ಮಾಡಿಸಿಕೊಂಡು ಬರುತ್ತೇವೆ. ಕಷ್ಟ ಶುರುವಾಗುವುದೇ ಅಲ್ಲಿಂದ. ಓದುವ ಕನ್ನಡಕ ಮಾಡುವುದು ಪೇಪರ್ ಹಿಡಿಯುವ ದೂರಕ್ಕೆ, ಅಂದರೆ 35ರಿಂದ 40 ಸೆಂ.ಮೀ. ನೆಟ್ಟಗೆ ನಿಂತರೆ ನನ್ನ ಕಣ್ಣಿನಿಂದ ಟೂಲಿನ ತುದಿಗೆ ಇರುವ ದೂರ 60 ಸೆಂ.ಮೀ. ಚಿಲ್ಲರೆ. ಕನ್ನಡಕ ಹಾಕಿಕೊಂಡು ನೆಟ್ಟಗೆ ನಿಂತರೆ ಟೂಲ್ ಮಸುಕು. ಸರಿಯಾಗಿ ಕಾಣಬೇಕು ಅಂದರೆ ಒಂದು ಗೇಣು ಮುಂದಕ್ಕೆ ಬಗ್ಗಲೇಬೇಕು. ಕನ್ನಡಕವೇ ಬಗ್ಗಿಸುತ್ತದೆ ಅಂದ ಹಾಗಾಯಿತು. ಬೈಫೋಕಲ್ ಹಾಕಿದವರದು ಇನ್ನೊಂದು ಪಾಡು. ಹತ್ತಿರದ್ದು ಕಾಣುವ ಗಾಜು ಕೆಳಗಡೆ ಇರುವುದರಿಂದ ಗದ್ದ ಮೇಲೆತ್ತಿ, ಕುತ್ತಿಗೆ ಹಿಂದಕ್ಕೆ ಮುರಿದುಕೊಂಡು ನೋಡುತ್ತಾರೆ. ಸಂಜೆಗೆ ಕುತ್ತಿಗೆ, ಹೆಗಲು ಕಲ್ಲು.

ನಾನು ಮಾಡಿದ್ದು ಇಷ್ಟು. ಹುಡುಗನ ಕೈಗೆ ಟೇಪು ಕೊಟ್ಟು, ನಾನು ಸುಮ್ನೆ ನೆಟ್ಟಗೆ ನಿಂತು, ಹುಬ್ಬಿನಿಂದ ಟೂಲ್ ಕೂರುವ ಟೂಲ್ ಪೋಸ್ಟಿಗೆ ಅಳತೆ ತೆಗೆಸಿದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕನ್ನಡಕದವರಿಗೆ ಕೊಟ್ಟೆ. ‘ಈ ದೂರಕ್ಕೆ ಕಾಣುವ ಹಾಗೆ, ಪೂರ್ತಿ ಗಾಜು ಒಂದೇ ನಂಬರ್ ಹಾಕಿ ಕೊಡಿ’ ಅಂದೆ. ಅವರು ಒಂದು ಸಲ ನನ್ನ ಮುಖ ನೋಡಿದರು, ಆಮೇಲೆ ಒಪ್ಪಿಕೊಂಡರು. ಪಾಲಿಕಾರ್ಬೊನೇಟ್ ಹಾಕಿಸಿದೆ, ಕಡೆಯುವಾಗ ಏಳುವ ಲೋಹದ ಚಿಪ್ಸು ಸಿಡಿದರೆ ಗಾಜಿನ ಹಾಗೆ ಅದು ಚೂರಾಗುವುದಿಲ್ಲ. ಆ ಕನ್ನಡಕ ಶೆಡ್ಡಿನಲ್ಲೇ ಇರುತ್ತದೆ, ಮನೆಗೆ ಬರುವುದಿಲ್ಲ. ನನ್ನ ಸೊಂಟಕ್ಕೆ ಹಚ್ಚಿದ ಎಲ್ಲ ಮುಲಾಮಿಗಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಲೈಟಿನದೂ ಇದೇ ಕಥೆ. ಶೆಡ್ಡಿನ ಮಧ್ಯೆ ಮೇಲೆ ಒಂದು ಟ್ಯೂಬ್‌ಲೈಟು, ನಾವು ಅದಕ್ಕೆ ಬೆನ್ನು ಹಾಕಿ ನಿಂತಿರುತ್ತೇವೆ. ನಮ್ಮ ನೆರಳು ನಮ್ಮ ಜಾಬಿನ ಮೇಲೆ. ನೆರಳು ತಪ್ಪಿಸಲು ಮತ್ತೆ ಬಗ್ಗು. ಮಷೀನಿಗೇ ಕೂರಿಸುವ, ಕತ್ತು ತಿರುಗಿಸಬಹುದಾದ ಲ್ಯಾಂಪು ಹಾಕಿಸಿದರೆ ಇದು ತೀರುತ್ತದೆ. ಮಷೀನ್ ಲ್ಯಾಂಪು 24 ವೋಲ್ಟಿನದೇ ಇರಲಿ. ಟೂಲ್ ತಣಿಸುವ ಕೂಲೆಂಟು ಚಿಮ್ಮುವ ಜಾಗದಲ್ಲಿ 230 ವೋಲ್ಟು ತರಬಾರದು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಚಕ್ಕಿನ ಸ್ಪೀಡು ಅದಕ್ಕೆ ಹೊಂದಿಬಿಟ್ಟರೆ ತಿರುಗುತ್ತಿರುವ ಚಕ್ಕು ನಿಂತ ಹಾಗೆ ಕಾಣುತ್ತದೆ. ಕೈ ಹಾಕಿದವನ ಗತಿ ನೀವೇ ಯೋಚಿಸಿ. ಇದು ಸೊಂಟದ ವಿಷಯ ಅಲ್ಲ, ಆದರೂ ಬಿಡಲು ಮನಸ್ಸಾಗಲಿಲ್ಲ.

ವೈಸ್ ಎಷ್ಟು ಎತ್ತರ ಇರಬೇಕು ಅಂತ ಐಟಿಐನಲ್ಲಿ ಮೊದಲ ವಾರವೇ ಹೇಳಿಕೊಡುತ್ತಾರೆ. ವೈಸಿನ ಪಕ್ಕ ನೆಟ್ಟಗೆ ನಿಂತು, ಮುಷ್ಟಿ ಕಟ್ಟಿ ಗದ್ದದ ಕೆಳಗೆ ಇಟ್ಟರೆ ಮೊಣಕೈ ವೈಸಿನ ಬಾಯಿಗೆ ತಾಗಬೇಕು. ಅದೇ ಅಳತೆ. ಅರ ಹೊಡೆಯುವಾಗ ಮುಂದೋಳು ನೆಲಕ್ಕೆ ಸಮ ಇರುತ್ತದೆ, ಬಲ ಹೆಗಲಿನಿಂದ ಬರುತ್ತದೆ, ಸೊಂಟಕ್ಕೆ ಹೋಗುವುದಿಲ್ಲ. ಪರೀಕ್ಷೆಗೆ ಎಲ್ಲರೂ ಬರೆಯುತ್ತೇವೆ. ಆಮೇಲೆ ಶೆಡ್ಡು ಹಾಕುವಾಗ ರೆಡಿಮೇಡ್ ಬೆಂಚು ತಂದು, ಅದರ ಮೇಲೆ ವೈಸ್ ಬೋಲ್ಟ್ ಮಾಡಿ ಮರೆತುಬಿಡುತ್ತೇವೆ. ನನ್ನ ಶೆಡ್ಡಿನಲ್ಲಿ ಒಬ್ಬ ಆರಡಿ ಇದ್ದಾನೆ, ಇನ್ನೊಬ್ಬ ಐದೂಕಾಲು. ಇಬ್ಬರಿಗೂ ಒಂದೇ ವೈಸು. ಉದ್ದದವನ ಅಳತೆಗೆ ಬೆಂಚಿನ ಕಾಲಿಗೆ ಚಾನೆಲ್ ತುಂಡು ವೆಲ್ಡ್ ಮಾಡಿ ಎತ್ತರಿಸಿದೆವು. ಗಿಡ್ಡದವನಿಗೆ ಕೆಳಗೆ ಒಂದು ಮರದ ಅಟ್ಟಣೆ. ಬೆಂಚನ್ನು ಎತ್ತರದವನಿಗೆ ಹೊಂದಿಸಿ ಗಿಡ್ಡದವನನ್ನು ಮೇಲೆ ಹತ್ತಿಸಬಹುದು, ತಿರುಗುಮುರುಗು ಆಗುವುದಿಲ್ಲ ನೋಡಿ. ಉದ್ದದವನನ್ನು ನೆಲದಲ್ಲಿ ಹೂಳಲು ಆಗುತ್ತದೆಯೇ?

ಲೇತಿಗೂ ಇದೇ ಲೆಕ್ಕ, ಚಕ್ಕನ್ನು ತಿರುಗಿಸುವ ಸ್ಪಿಂಡಲ್ಲಿನ ಮಧ್ಯ ಮೊಣಕೈ ಎತ್ತರಕ್ಕೆ ಬರಬೇಕು. ಹಾಗಂತ ಕಂಡ ಕಂಡ ಹಲಗೆ, ಇಟ್ಟಿಗೆ ಕೆಳಗೆ ತುರುಕಿ ಎತ್ತರಿಸಲು ಹೋಗಬೇಡಿ. ಬೆಡ್ಡು, ಅಂದರೆ ಲೇತಿನ ಉದ್ದನೆಯ ಹಾಸು, ಸ್ವಲ್ಪ ತಿರುಚಿಕೊಂಡರೂ ಜಾಬ್ ಟೇಪರ್ ಬರುತ್ತದೆ, ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಗಟ್ಟಿಯಾದ ಕಾಂಕ್ರೀಟು ಕಟ್ಟೆ ಹಾಕಿ, ಫೌಂಡೇಶನ್ ಬೋಲ್ಟು ಬಿಗಿದು, ಉದ್ದಕ್ಕೂ ಅಡ್ಡಕ್ಕೂ ಸ್ಪಿರಿಟ್ ಲೆವೆಲ್ ಇಟ್ಟು ನೋಡಬೇಕು. ಮಷೀನು ಹೊಸದಾಗಿ ಕೂರಿಸುವಾಗಲೇ ಇದನ್ನು ಯೋಚಿಸಿದರೆ ಒಳ್ಳೆಯದು. ಆಮೇಲೆ ಮಾಡುವುದು ದೊಡ್ಡ ರಗಳೆ.

ಇನ್ನು ಭಾರ. ಲೇತಿನವರ ಸೊಂಟ ಬೀಳುವುದು ಹೆಚ್ಚಾಗಿ ಚಕ್ಕು ಬದಲಾಯಿಸುವಾಗ. 10 ಇಂಚಿನ ಮೂರು ದವಡೆ ಚಕ್ಕು 25 ಕೆಜಿಯ ಆಸುಪಾಸು ತೂಗುತ್ತದೆ. ಗೊಬ್ಬರದ ಚೀಲ ಇದಕ್ಕಿಂತ ಭಾರ, ಆದರೆ ಚೀಲವನ್ನು ಎದೆಗೆ ಅವಚಿಕೊಳ್ಳಬಹುದು. ಚಕ್ಕನ್ನು ಬೆಡ್ಡಿನ ಆಚೆಗೆ ಕೈ ಚಾಚಿ, ಮೈಯಿಂದ ದೂರ ಹಿಡಿದು, ಅದೇ ಹೊತ್ತಿಗೆ ಬೋಲ್ಟಿನ ತೂತು ಹೊಂದಿಸಬೇಕು. ಎಣ್ಣೆ ಕೈ ಬೇರೆ. ಇದಕ್ಕೆ ಹಳಬರು ಒಂದು ಉಪಾಯ ಇಟ್ಟುಕೊಂಡಿದ್ದರು. ಗಟ್ಟಿ ಮರದ ದಿಮ್ಮಿಯ ಕೆಳಭಾಗವನ್ನು ಬೆಡ್ಡಿನ ಮೇಲೆ ಕೂರುವ ಹಾಗೆ ಕೆತ್ತುವುದು, ಮೇಲ್ಭಾಗವನ್ನು ಚಕ್ಕಿನ ಸುತ್ತಳತೆಗೆ ಬಾಗಿಸಿ ಕೆತ್ತುವುದು. ಚಕ್ಕು ಅದರ ಮೇಲೆ ಕೂತರೆ ಸರಿಯಾಗಿ ಸ್ಪಿಂಡಲ್ಲಿನ ಎತ್ತರಕ್ಕೆ ಬರುತ್ತದೆ. ನಮ್ಮದು ಜಾಲಿ ಮರದ್ದು. ಬೋಲ್ಟು ಬಿಚ್ಚಿದರೆ ಚಕ್ಕು ಆ ದಿಮ್ಮಿಯ ಮೇಲೇ ಇಳಿಯುತ್ತದೆ, ಹಾಗೇ ಹಿಂದಕ್ಕೆ ಜಾರಿಸಿದರೆ ಆಯಿತು. ಅಲ್ಲಿಂದ ಇಬ್ಬರು ಸೇರಿ ಇಳಿಸುತ್ತೇವೆ. ಇಳಿಸುವುದೂ ನೆಲಕ್ಕಲ್ಲ, ಬೆಡ್ಡಿನ ಎತ್ತರಕ್ಕೇ ಇರುವ ಒಂದು ಕಬ್ಬಿಣದ ಸ್ಟ್ಯಾಂಡಿಗೆ.

ರಾಡು ಎತ್ತುವ ಮುಂಚೆ ತೂಕದ ಲೆಕ್ಕ ಹಾಕಬೇಕು ಅಂತ ನನ್ನ ಹುಡುಗರಿಗೆ ಹೇಳಿದ್ದೇನೆ. ಅದು ಕಷ್ಟದ ಲೆಕ್ಕ ಏನಲ್ಲ. ಮಿಲಿಮೀಟರಿನಲ್ಲಿ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಸ್ಟೀಲ್ ರಾಡಿನ ತೂಕ ಕೆಜಿಯಲ್ಲಿ ಬರುತ್ತದೆ. ಮಾಲು ಕೊಳ್ಳುವಾಗ ಎಲ್ಲರೂ ಈ ಲೆಕ್ಕ ಹಾಕುತ್ತಾರೆ, ಬಿಲ್ಲಿನಲ್ಲಿ ಮೋಸ ಆಗಬಾರದಲ್ಲ. ಎತ್ತುವಾಗ ಮಾತ್ರ ಯಾರೂ ಹಾಕುವುದಿಲ್ಲ. 50 ಮಿ.ಮೀ. ರಾಡು ಮೀಟರಿಗೆ 15 ಕೆಜಿ ಚಿಲ್ಲರೆ. 100 ಮಿ.ಮೀ. ಅಂದರೆ ದುಪ್ಪಟ್ಟಲ್ಲ, ನಾಲ್ಕು ಪಟ್ಟು, ಹತ್ತಿರ ಹತ್ತಿರ 62 ಕೆಜಿ. ನೋಡುವುದಕ್ಕೆ ‘ಸ್ವಲ್ಪ ದಪ್ಪ’ ಅಷ್ಟೇ. ಹುಡುಗರ ಸೊಂಟ ಹಿಡಿದುಕೊಳ್ಳುವುದು ಈ ‘ಸ್ವಲ್ಪ’ದಲ್ಲೇ. 25 ಕೆಜಿ ದಾಟಿದರೆ ಒಬ್ಬನೇ ಮುಟ್ಟಬಾರದು ಅನ್ನುವುದು ನಮ್ಮ ಶೆಡ್ಡಿನ ನಿಯಮ. ಅದಕ್ಕೂ ಮೇಲಿನದಕ್ಕೆ ಸರಪಳಿ ಜಗ್ಗಿ ಭಾರ ಎತ್ತುವ ಅರ್ಧ ಟನ್ನಿನ ಚೈನ್ ಬ್ಲಾಕು ಇದೆ. ತಗಡಿನ ಛಾವಣಿಯ ಪೈಪಿಗೆ ನೇತು ಹಾಕಲಿಲ್ಲ, ಅದು ಆ ಭಾರ ತಡೆಯುವುದಿಲ್ಲ. ಬೇರೆಯೇ ಕಂಬ ನಿಲ್ಲಿಸಿ ಐ ಸೆಕ್ಷನ್ ತೊಲೆ ಹಾಕಿದ್ದೇವೆ.

ನೆಲದ ಬಗ್ಗೆ ಎರಡು ಮಾತು. ಸಿಮೆಂಟ್ ನೆಲದ ಮೇಲೆ ದಿನವಿಡೀ ನಿಂತರೆ ಹಿಮ್ಮಡಿಯಿಂದ ಹಿಡಿದು ಸೊಂಟದವರೆಗೆ ನೋಯುತ್ತದೆ. ಹಳೆಯ ದೊಡ್ಡ ಕಾರ್ಖಾನೆಗಳಲ್ಲಿ ಲೇತ್ ಮುಂದೆ ಮರದ ಪಟ್ಟಿಗಳ ಹಲಗೆ ಹಾಕುತ್ತಿದ್ದರು. ಪಟ್ಟಿಗಳ ಸಂದಿಯಲ್ಲಿ ಚಿಪ್ಸು ಕೆಳಗೆ ಬೀಳುತ್ತಿತ್ತು, ಕಾಲಿಗೆ ಸಿಗುತ್ತಿರಲಿಲ್ಲ. ಈಗ ಆ ಹಲಗೆ ಎಲ್ಲೂ ಕಾಣುವುದಿಲ್ಲ. ನಾವು ಲೇತಿಗೆ ಹಾಗೇ ಒಂದು ಮಾಡಿಸಿಕೊಂಡೆವು. ಡ್ರಿಲ್ಲಿಂಗ್ ಮಷೀನು, ವೈಸಿನ ಮುಂದೆ ಡೈರಿಯವರು ಹಸುವಿನ ಕೊಟ್ಟಿಗೆಗೆ ಹಾಕುತ್ತಾರಲ್ಲ, ಆ ದಪ್ಪ ರಬ್ಬರ್ ಮ್ಯಾಟು ಹಾಸಿದ್ದೇವೆ. ಒಂದು ಮ್ಯಾಟು ಕತ್ತರಿಸಿದರೆ ಎರಡು ಜಾಗಕ್ಕೆ ಆಗುತ್ತದೆ. ಎಣ್ಣೆ ಬೀಳುವ ಕಡೆ ಹಾಕಬೇಡಿ, ಜಾರುತ್ತದೆ, ರಬ್ಬರೂ ಉಬ್ಬುತ್ತದೆ. ನಮ್ಮ ಬೀದಿಯಲ್ಲಿ ಹಸುಗಳಿಗೆ ಮ್ಯಾಟು ಬಂದು ಎಷ್ಟೋ ವರ್ಷ ಆದ ಮೇಲೆ ನಮ್ಮ ಕಾಲಿಗೆ ಬಂತು ಅಂತ ಚಹಾ ಅಂಗಡಿಯಲ್ಲಿ ತಮಾಷೆ ಮಾಡುತ್ತಾರೆ. ಮಾಡಲಿ. ಒಂದು ಕಾಲು ಇಟ್ಟುಕೊಳ್ಳಲು ಮಷೀನಿನ ಬುಡದಲ್ಲಿ ನಾಲ್ಕೈದು ಇಂಚಿನ ಮರದ ತುಂಡು ಇದ್ದರೆ ಇನ್ನೂ ಒಳ್ಳೆಯದು. ಸ್ವಲ್ಪ ಹೊತ್ತು ಎಡಗಾಲು, ಸ್ವಲ್ಪ ಹೊತ್ತು ಬಲಗಾಲು.

ಪಕ್ಕದ ಶೆಡ್ಡಿನವರು ಗೇಟು, ಗ್ರಿಲ್ಲು ಮಾಡುತ್ತಾರೆ. ಅವರದು ನಮಗಿಂತ ಕಷ್ಟ. ಗೇಟನ್ನು ನೆಲಕ್ಕೆ ಹಾಸಿಕೊಂಡು ಕುಕ್ಕರುಗಾಲಲ್ಲಿ ಕೂತು ಬೆಳಗಿನಿಂದ ಸಂಜೆವರೆಗೆ ವೆಲ್ಡಿಂಗು, ಗ್ರೈಂಡಿಂಗು. ಕುಕ್ಕರುಗಾಲು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಹಿರಿಯರು ಹಾಗೆ ಕೂತೇ ಉಂಡು, ಹರಟೆ ಹೊಡೆದು ಬದುಕಿದವರು. ಆದರೆ ಗಂಟೆಗಟ್ಟಲೆ, ಕೈಯಲ್ಲಿ ಗ್ರೈಂಡರ್ ಹಿಡಿದು, ಕುತ್ತಿಗೆ ಬಗ್ಗಿಸಿ? ಐವತ್ತಕ್ಕೆ ಮಂಡಿ ಮುಗಿದಿರುತ್ತದೆ. ಮನೆಯ ಕಕ್ಕಸಿನಲ್ಲಿ ಕೂರಲು ಆಗದೆ ಕಮೋಡು ಹಾಕಿಸಿದವರು ನಮ್ಮ ಸಾಲಿನಲ್ಲೇ ಇದ್ದಾರೆ. ಇದಕ್ಕೆ ಬೇಕಾದ್ದು ಸೊಂಟದ ಎತ್ತರದ ಎರಡು ಕುದುರೆ ಸ್ಟ್ಯಾಂಡು, ಅಷ್ಟೇ. ಗುಜರಿ ಆ್ಯಂಗಲ್ಲಿನಲ್ಲಿ ಅರ್ಧ ದಿನದ ಕೆಲಸ. ಊರಿಗೆಲ್ಲ ಸ್ಟ್ಯಾಂಡು ಮಾಡಿ ಮಾರುವವರು ತಮಗೆ ಮಾತ್ರ ಮಾಡಿಕೊಳ್ಳುವುದಿಲ್ಲ. ‘ಟೈಮೆಲ್ಲಿದೆ ಅಣ್ಣಾ’ ಅಂದ ಪಕ್ಕದ ಹುಡುಗ. ಅವನಿಗೆ ನಾನೇ ಮಾಡಿ ಕೊಟ್ಟೆ. ಮೊದಮೊದಲು ಅದರ ಮೇಲೆ ಶರಟು ಒಣಹಾಕುತ್ತಿದ್ದ. ಈಗ ಗೇಟು ಅದರ ಮೇಲೇ ಆಗುತ್ತದೆ.

ನೋವು ಬಂದ ಮೇಲೆ ನಮ್ಮ ಜನ ಮಾಡುವುದನ್ನೂ ಬರೆಯಬೇಕು. ಮೊದಲು ಮುಲಾಮು. ಆಮೇಲೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ ಸೊಂಟಕ್ಕೆ ಒದೆಸಿಕೊಳ್ಳುವುದು. ನಗಬೇಡಿ, ಇಂದಿಗೂ ನಡೆಯುತ್ತದೆ. ಕೆಲವು ಉಳುಕು ತಾನಾಗೇ ಹೋಗುವಂಥವು, ಹೆಸರು ಮಾತ್ರ ಒದ್ದವರಿಗೆ. ನನಗೆ ಅದಕ್ಕಿಂತ ಭಯ ಮಾತ್ರೆಯದು. ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಡೈಕ್ಲೊಫೆನಾಕ್ ಕೊಡುತ್ತಾರೆ, ನುಂಗಿ ಮತ್ತೆ ಮಷೀನ್ ಮುಂದೆ ನಿಲ್ಲುತ್ತೇವೆ. ಕೆಲವರು ಸಂಬಳದ ದಿನ ಹೋಗಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾರೆ. ಈ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿಗೂ ಪೆಟ್ಟು. ಬಿಸಿಲಲ್ಲಿ, ನೀರು ಸರಿಯಾಗಿ ಕುಡಿಯದೆ ದುಡಿಯುವವರಿಗೆ ಇನ್ನೂ ಜಾಸ್ತಿ. ಸೊಂಟದ ಬೆಲ್ಟೂ ಅಷ್ಟೇ. ಕಟ್ಟಿಕೊಂಡರೆ ಭಾರ ಎತ್ತಬಹುದು ಅನ್ನುವ ಧೈರ್ಯ ಬರುತ್ತದೆ, ಅದೇ ಅಪಾಯ. ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ 1994ರಲ್ಲೇ ಬೆಲ್ಟಿನಿಂದ ಬೆನ್ನಿಗೆ ಪೆಟ್ಟಾಗುವುದು ತಪ್ಪುತ್ತದೆ ಅನ್ನಲು ಸಾಕಷ್ಟು ಆಧಾರ ಇಲ್ಲ ಅಂತ ಹೇಳಿದೆ.

ಎಂಆರ್‌ಐ ಮಾಡಿಸಿ ‘ಡಿಸ್ಕ್ ಉಬ್ಬಿದೆ’ ಅಂತ ರಿಪೋರ್ಟು ಬಂದ ಕೂಡಲೇ ಕೆಲಸವನ್ನೇ ಬಿಟ್ಟು ಮಲಗಿದವರನ್ನೂ ನೋಡಿದ್ದೇನೆ. 1994ರಲ್ಲೇ ಅಮೆರಿಕದ ಡಾಕ್ಟರುಗಳು ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರಂತೆ. ಅರ್ಧಕ್ಕೂ ಜಾಸ್ತಿ ಜನರಲ್ಲಿ ಒಂದಾದರೂ ಡಿಸ್ಕು ಉಬ್ಬಿತ್ತು. ಹಾಗಾಗಿ ಫಿಲ್ಮು ನೋಡಿ ಹೆದರಬೇಡಿ ಅನ್ನುತ್ತಾಳೆ ಮಗಳು. ಸಾಮಾನ್ಯ ಸೊಂಟನೋವಿಗೆ ವಾರಗಟ್ಟಲೆ ಮಲಗುವುದು ಈಗ ಡಾಕ್ಟರುಗಳೂ ಹೇಳುವುದಿಲ್ಲ, ಆದಷ್ಟು ಓಡಾಡಿಕೊಂಡಿರಿ ಅನ್ನುತ್ತಾರೆ. ಆದರೆ ಕಾಲು ಸೋತರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾಳೆ ನೋಡೋಣ ಅನ್ನುವ ಹಾಗಿಲ್ಲ. ಉಳಿದಂತೆ ನಾನು ಮಾಡುವುದು ಒಂದೇ. ಒಂದು ಸೆಟ್ಟಿಂಗ್ ಮುಗಿದ ಕೂಡಲೇ ಎರಡೂ ಕೈ ಸೊಂಟಕ್ಕೆ ಕೊಟ್ಟು ನಿಧಾನಕ್ಕೆ ಹಿಂದಕ್ಕೆ ಬಾಗುವುದು, ನಾಲ್ಕೈದು ಸಲ. ಸಂಜೆ ಮಂಡಕ್ಕಿ, ಮೆಣಸಿನಕಾಯಿ, ಚಹಾಕ್ಕೆ ನಡೆದುಕೊಂಡೇ ಹೋಗುವುದು. ಮೊದಲು ಶೆಡ್ಡಿಗೇ ತರಿಸಿಕೊಂಡು ಮಷೀನಿಗೆ ಒರಗಿ ತಿನ್ನುತ್ತಿದ್ದೆವು.

ಕಾನೂನು ಇಲ್ಲವೇ ಅಂದರೆ ಇದೆ. 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ನಿನಲ್ಲಿ ಪೆಟ್ಟಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು ಅಂತಿತ್ತು. 44ನೇ ಸೆಕ್ಷನ್ನಿನಲ್ಲಿ ನಿಂತು ಕೆಲಸ ಮಾಡುವವರಿಗೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಅಂತಿತ್ತು. ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಹೋರಾಡಿದ ಮೇಲೆ ಕೇರಳದಲ್ಲಿ 2018ರಲ್ಲಿ, ಆಮೇಲೆ ತಮಿಳುನಾಡಿನಲ್ಲಿ 2021ರಲ್ಲಿ ಅಂಗಡಿ ಕೆಲಸಗಾರರಿಗೂ ಕೂರುವ ಹಕ್ಕು ಬಂತು. ಆದರೆ ಕಾರ್ಖಾನೆ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಂಡದ್ದು ಕರೆಂಟು ಬಳಸಿ 10 ಜನ ದುಡಿಯುವ ಜಾಗವನ್ನು. ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿದೆ. ನಾಲ್ಕು ಜನರ ಶೆಡ್ಡು ಆಗಲೂ ಹೊರಗೆ, ಈಗಲೂ ಹೊರಗೆ. ಕೆಲಸಗಾರರ ವಿಮೆಯಾದ ಇಎಸ್‌ಐ ಕೂಡ ಕಡ್ಡಾಯ ಆಗುವುದು ಸಾಮಾನ್ಯವಾಗಿ 10 ಜನ ಇದ್ದರೇ. ಇನ್‌ಸ್ಪೆಕ್ಟರ್ ಬರಲಿ ಅಂತ ನಾನೇನೂ ಹಾರೈಸುತ್ತಿಲ್ಲ, ಅವರು ಬಂದರೆ ಬೇರೆ ತಲೆನೋವು. ನಮ್ಮ ಸೊಂಟ ನಾವೇ ನೋಡಿಕೊಳ್ಳಬೇಕು ಅನ್ನುವುದಂತೂ ಖರೆ.

ಆದರೂ ಕೇಳುವವರನ್ನು ಕೇಳಬೇಕಲ್ಲ. ಐಟಿಐಗಳ ಪ್ರಿನ್ಸಿಪಾಲರಲ್ಲಿ ಒಂದು ಮನವಿ. ವೈಸಿನ ಎತ್ತರದ ಅಳತೆಯನ್ನು ಪರೀಕ್ಷೆಯ ಉತ್ತರವಾಗಿ ಬಿಟ್ಟರೆ ಸಾಲದು. ಪ್ರತಿ ಹುಡುಗನೂ ಹುಡುಗಿಯೂ ತನ್ನ ಅಳತೆಯ ಅಟ್ಟಣೆಯನ್ನು ತಾನೇ ಮಾಡಿಕೊಳ್ಳುವುದನ್ನು ಮೊದಲ ಪ್ರಾಕ್ಟಿಕಲ್ ಆಗಿ ಇಡಿ. ಚಕ್ಕಿನ ದಿಮ್ಮಿ ಎರಡನೆಯದು. ಜಿಲ್ಲಾ ಕೈಗಾರಿಕಾ ಕೇಂದ್ರದವರಲ್ಲಿ ಇನ್ನೊಂದು. ಸ್ವಂತ ಉದ್ಯೋಗ ಶುರುಮಾಡಲು ಸಿಗುವ ಪಿಎಂಇಜಿಪಿ ಸಾಲ ತೆಗೆದುಕೊಳ್ಳುವವರಿಗೆ ತರಬೇತಿ ಇರುತ್ತದೆ. ಅಲ್ಲಿ ಜಿಎಸ್‌ಟಿ, ಬ್ಯಾಲೆನ್ಸ್ ಶೀಟು ಹೇಳಿಕೊಡುವ ಹೊತ್ತಿನಲ್ಲಿ ಒಂದು ಗಂಟೆ ಇದಕ್ಕೂ ಕೊಡಿ. ಹೇಳಿಕೊಡಲು ದೊಡ್ಡ ಊರಿನ ಪರಿಣತರು ಬೇಡ, ಹರಿಹರದ ಯಾವ ಹಳೆಯ ಟರ್ನರ್ ಆದರೂ ಬರುತ್ತಾನೆ. ಬ್ಯಾಂಕಿನವರು ಮಷೀನಿನ ಕೊಟೇಶನ್ ನೋಡುವಾಗ ಚೈನ್ ಬ್ಲಾಕು, ಮಷೀನ್ ಲ್ಯಾಂಪು ಅದರಲ್ಲಿ ಸೇರಿದೆಯಾ ಅಂತ ಒಂದು ಮಾತು ಕೇಳಲಿ. ಲಕ್ಷಗಟ್ಟಲೆ ಸಾಲದಲ್ಲಿ ಅದು ಲೆಕ್ಕಕ್ಕೇ ಬರದ ಮೊತ್ತ. ಕಂತು ಕಟ್ಟುವವನು ಆ ಮಷೀನಿನ ಮುಂದೆ ಹತ್ತು ವರ್ಷ ನಿಲ್ಲಬೇಕು, ಅದು ಬ್ಯಾಂಕಿಗೂ ಬೇಕಾದ್ದೇ.

ಇಂತಿ ನಿಮ್ಮ ಓದುಗ,
ಒಬ್ಬ ಟರ್ನರ್, ಹರಿಹರ